ಒಂದು ವಿಶ್ವವಿದ್ಯಾಲಯದ ಮನೆತನ

ನಮ್ಮ ಮನೆಯ ಗರಾಜಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ, ಮೊಣಕಾಲುದ್ದದ ಒಂದು ಜೊತೆ ರಬ್ಬರ್ ಬೂಟುಗಳಿವೆ. ಸ್ಯಾನ್ ಡಿಯಾಗೋ ಎಂದರೆ ವರ್ಷವಿಡೀ ಚಪ್ಪಲಿಯಲ್ಲೇ ಕಾಲ ಹಾಕಬಹುದಾದ ಊರು; ಇಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಟೀವಿಯವರು ಕೊಡೆ ಹಿಡಿದು ಬೀದಿಗಿಳಿಯುತ್ತಾರೆ, ಹಿಮ ಬೀಳುವುದು ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಮಾತ್ರ. ಹೀಗಾಗಿ ಮನೆಗೆ ಬಂದವರು ಆ ಬೂಟುಗಳನ್ನು ನೋಡಿ, "ಆಂಟಿ, ನೀವು ಫಿಶಿಂಗ್‌ಗೆ ಹೋಗ್ತೀರಾ?" ಎಂದು ಕೇಳುವುದುಂಟು. ಮೈಸೂರಿನ ಅಗ್ರಹಾರದಲ್ಲಿ ತೊವ್ವೆ ತಿಂದು ಬೆಳೆದವಳು ನಾನು. ಆದರೂ ಹೂಂ ಎಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ಜಪಾನಿನ ಪಶ್ಚಿಮ ಕರಾವಳಿಯ ಒಂದು ಊರಿನಿಂದ ಶುರು ಮಾಡಬೇಕಾಗುತ್ತದೆ, ಅಷ್ಟರಲ್ಲಿ ಕೇಳಿದವರ ಕಾಫಿ ಆರಿಹೋಗಿರುತ್ತದೆ.

ನಿಮ್ಮ ಕೈಯಲ್ಲಿ ಕಾಫಿ ಇಲ್ಲವೆಂದು ಭಾವಿಸಿ ಹೇಳುತ್ತೇನೆ. ಆ ಊರಿನ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ನಾನು ಪಿಎಚ್‌.ಡಿ. ಮಾಡಿದೆ. ಚಳಿಗೆ ಲೋಹ ಹೇಗೆ ಪೆಡಸಾಗುತ್ತದೆ, ಹೇಗೆ ಬಿರುಕು ಬಿಡುತ್ತದೆ ಎಂಬುದು ನನ್ನ ವಿಷಯ. ಆಮೇಲೆ ಸ್ಯಾನ್ ಡಿಯಾಗೋಕ್ಕೆ ಬಂದು, ಇಲ್ಲಿನ ಸೊರೆಂಟೊ ವ್ಯಾಲಿಯ ಒಂದು ಚಿಪ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಇಲ್ಲಿನ ಕನ್ನಡದವರ ಕೂಟಗಳಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಯಾರಾದರೂ, "ಮೇಡಂ, ಎಲ್ಲಿ ಓದಿದ್ದು?" ಎನ್ನುತ್ತಾರೆ. ಜಪಾನ್ ಎನ್ನುತ್ತೇನೆ. "ಓ, ಟೋಕಿಯೋನಾ?" ಅಲ್ಲ ಎನ್ನುತ್ತೇನೆ. ಅಲ್ಲಿಗೆ ಅವರ ಗಮನ ಬೂಂದಿಯ ಕಡೆ ಹರಿಯುತ್ತದೆ.

ಹಾಗೆಂದು ನನ್ನ ವಿಶ್ವವಿದ್ಯಾಲಯ ಗೋತ್ರವಿಲ್ಲದ್ದಲ್ಲ. ಹಿಂದೆ ಆ ಸೀಮೆಯ ದೊರೆಯೊಬ್ಬ ತೆರೆದ ವೈದ್ಯಶಾಲೆ ಅದರ ಮೂಲಪುರುಷ. ದೊರೆಗಳ ಕಾಲ ಮುಗಿದು ಚಕ್ರವರ್ತಿಯ ಕಾಲ ಬಂದಾಗ ಅದಕ್ಕೆ ಸರ್ಕಾರದ ಮುದ್ರೆ ಬಿತ್ತು. ಪಕ್ಕದಲ್ಲಿ ಮೇಷ್ಟರುಗಳನ್ನು ತಯಾರು ಮಾಡುವ ಶಾಲೆಯೊಂದು ಎದ್ದಿತು, ಅದರಾಚೆ ಎಂಜಿನಿಯರಿಂಗ್ ಕಲಿಸುವ ಶಾಲೆ. ಈ ಮೂವರಿಗೂ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಯುದ್ಧ ಸೋತ ಮೇಲೆ ಅಮೆರಿಕನ್ನರು ಬಂದು ಕೂತಾಗ, ಪ್ರಾಂತಕ್ಕೊಂದಾದರೂ ರಾಷ್ಟ್ರೀಯ ವಿಶ್ವವಿದ್ಯಾಲಯ ಇರಲಿ ಎಂದು ಇವರನ್ನೆಲ್ಲ ಒಂದೇ ಸೂರಿನಡಿ ತಂದು ಕೂಡುಕುಟುಂಬ ಮಾಡಲಾಯಿತು. ಅಮೆರಿಕನ್ನರ ಕಣ್ಣೆದುರೇ ಹುಟ್ಟಿದ ಈ ವ್ಯವಸ್ಥೆ ಅಮೆರಿಕದಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ. ಈ ಶತಮಾನದ ಆರಂಭದಲ್ಲಿ ಸರ್ಕಾರ, ಇನ್ನು ನಿಮ್ಮ ಸಂಸಾರ ನೀವೇ ನೋಡಿಕೊಳ್ಳಿ ಎಂದು ಎಲ್ಲ ರಾಷ್ಟ್ರೀಯ ವಿಶ್ವವಿದ್ಯಾಲಯಗಳನ್ನೂ ಬೇರೆ ಇಟ್ಟಿತು, ಖರ್ಚಿಗೆ ಒಂದಿಷ್ಟು ಕೊಡುತ್ತ, ಕೊಟ್ಟದ್ದಕ್ಕೆ ವಿವರಣೆ ಕೇಳುತ್ತ. ಇದಿಷ್ಟು ಅದರ ಪ್ರವರ.

ಸ್ಥಾನಮಾನದ ಮಾತಿಗೆ ಬಂದರೆ, ಆ ದೇಶದಲ್ಲಿ ಹಿಂದೆ ಸಾಮ್ರಾಜ್ಯದ ಹೆಸರು ಹೊತ್ತಿದ್ದ ಕೆಲವು ವಿಶ್ವವಿದ್ಯಾಲಯಗಳು ಮೊದಲ ಪಂಕ್ತಿಯಲ್ಲಿ ಕೂರುತ್ತವೆ. ನಮ್ಮದಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ಜಗತ್ತಿನ ಪಟ್ಟಿಗಳಲ್ಲಂತೂ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಕೊಡುವ ಉತ್ಸಾಹ ಮುಗಿದ ಮೇಲೆ, ಸಾಮೂಹಿಕ ವಿವಾಹದಲ್ಲಿ ಕೂರಿಸಿದಂತೆ ನೂರಾರು ಜನರನ್ನು ಒಟ್ಟಿಗೆ ಕೂರಿಸಿರುತ್ತಾರಲ್ಲ, ಅಲ್ಲೆಲ್ಲೋ ಅದು ತಲೆತಗ್ಗಿಸಿ ಕೂತಿದೆ. ಈ ವಿಷಯ ನನ್ನ ನಿದ್ದೆಯನ್ನೇನೂ ಕೆಡಿಸಿರಲಿಲ್ಲ. ಕೆಡಿಸಿದ್ದು ನನ್ನ ತಮ್ಮನ ಮಗಳು ಇಳಾ.

ಇಳಾ ಹುಟ್ಟಿದ್ದು, ಬೆಳೆದದ್ದು ಇದೇ ಊರಿನ ಕಾರ್ಮೆಲ್ ವ್ಯಾಲಿಯಲ್ಲಿ. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಮನೆಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದಳು, ನನ್ನಿಂದ ಹಿಮದ ಕಥೆ ಕೇಳಿಸಿಕೊಳ್ಳುತ್ತಿದ್ದಳು. ಮೊದಲ ಮಹಡಿಯ ಕಿಟಕಿಯಿಂದ ಬೀದಿಗಿಳಿದದ್ದು, ಗರಾಜಿನಲ್ಲಿರುವ ಆ ಬೂಟುಗಳನ್ನೇ ಹಾಕಿಕೊಂಡು ಸೂರಿನ ಮೇಲಿನ ಹಿಮವನ್ನು ಸಲಿಕೆಯಲ್ಲಿ ಎಳೆದದ್ದು, ಇಂಥವೇ. ಹೈಸ್ಕೂಲು ಮುಗಿಯುವ ಹೊತ್ತಿಗೆ ಅವಳು ಯಾರಿಗೂ ಹೇಳದೆ ಆ ವಿಶ್ವವಿದ್ಯಾಲಯಕ್ಕೆ ಅಪ್ಲೈ ಮಾಡಿ, ಸೀಟು ಸಿಕ್ಕ ಮೇಲೆ ಮನೆಯಲ್ಲಿ ಬಾಯಿ ಬಿಟ್ಟಳು. ಓದಲು ಹೊರಟಿದ್ದು ಹಿಮವನ್ನೇ. ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ಹೆಸರು ಕೇಳಿದರೆ ಜನ ಎದ್ದು ನಿಲ್ಲುವಂಥ ಕಡೆಯೂ ಅವಳಿಗೆ ಸೀಟು ಸಿಕ್ಕಿತ್ತು.

ತಮ್ಮ ನಾಗರಾಜ ಸೊರೆಂಟೊ ವ್ಯಾಲಿಯಲ್ಲೇ ಎಂಜಿನಿಯರು. ಸುದ್ದಿ ಕೇಳಿದವನೇ ಇಳಾಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದು, ಸೋಫಾದಲ್ಲಿ ಕೂತು, ಫೋನಿನಲ್ಲಿ ಜಗತ್ತಿನ ವಿಶ್ವವಿದ್ಯಾಲಯಗಳ ಪಟ್ಟಿ ತೆಗೆದು ಹೆಬ್ಬೆರಳು ಓಡಿಸತೊಡಗಿದ.

"ಅಕ್ಕ, ಆಗಿನಿಂದ ಸ್ಕ್ರೋಲ್ ಮಾಡ್ತಾನೇ ಇದೀನಿ. ನಿನ್ನ ಯೂನಿವರ್ಸಿಟಿ ಇನ್ನೂ ಬಂದಿಲ್ಲ."

"ಬರುತ್ತೆ. ಕಾಫಿ ಕುಡಿ."

"ಸ್ನೋ ಬೇಕಿದ್ರೆ ಬಿಗ್ ಬೇರ್ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿದ್ನಲ್ಲ. ಡ್ರೈವ್ ಮಾಡಿದ್ರೆ ಮಧ್ಯಾಹ್ನಕ್ಕೆ ಸಿಗುತ್ತೆ."

ಇಳಾ ಸಮಾಧಾನವಾಗಿಯೇ ಹೇಳಿದಳು, ನಮ್ಮ ನಲ್ಲಿಯಲ್ಲಿ ಬರುವ ನೀರು ದೂರದ ಬೆಟ್ಟಗಳ ಹಿಮ ಕರಗಿ ಬರುವುದು, ಆ ಹಿಮ ಈಗ ನಂಬಿಕೆಗೆ ಅರ್ಹವಾಗಿಲ್ಲ, ಅದನ್ನು ಬಲ್ಲವರು ಯಾರಾದರೂ ಇರಬೇಕಲ್ಲ ಎಂದು. ಉತ್ತರವಿಲ್ಲದಾಗ ನಮ್ಮ ಮನೆಯ ಗಂಡಸರು ಸಮಾಜವನ್ನು ಕರೆಯುತ್ತಾರೆ. "ನಾಲ್ಕು ಜನ ಕೇಳಿದ್ರೆ ಏನಂತ ಹೇಳ್ಲಿ?" ಎಂದ ನಾಗರಾಜ. ತಿಂಗಳ ಕೊನೆಯೊಳಗೆ ಎರಡರಲ್ಲಿ ಒಂದು ಕಡೆ ಹೂಂ ಅನ್ನಬೇಕಿತ್ತು. ಅಪ್ಪ ಒಪ್ಪದಿದ್ದರೆ ಹೋಗುವುದಿಲ್ಲ ಎಂದು ಇಳಾ ಹೇಳಿಬಿಟ್ಟಳು, ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ, ಊಟದ ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ಅವಳು ಜಗಳವಾಡಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಆ ಹುಡುಗಿ ಹೋಗಲೇಬೇಕು ಎಂಬ ಹಟ ನನ್ನಲ್ಲಿ ಹುಟ್ಟಿದ್ದು ಆಗಲೇ.

"ಹೆಣ್ಣು ಕೊಡೋಕೆ ಮುಂಚೆ ಗಂಡಿನ ಮನೆ ನೋಡ್ಕೊಂಡು ಬರಲ್ವಾ? ಹಾಗೇ ಹೋಗಿ ನೋಡ್ಕೊಂಡು ಬಾ," ಎಂದೆ. ಲಾಸ್ ಏಂಜಲೀಸ್ ಸುತ್ತಮುತ್ತ ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಕೂಟವೊಂದಿದೆ. ಟೊರೆನ್ಸ್ ಎಂಬಲ್ಲಿ ಆಗೀಗ ಸೇರಿ ಊಟ ಮಾಡುತ್ತಾರೆ. ನಾನು ತಮಾಷೆಗೆ ಹೇಳಿದ್ದನ್ನು ನಾಗರಾಜ ಅಕ್ಷರಶಃ ತೆಗೆದುಕೊಂಡ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಕಟ್ಟಿಕೊಟ್ಟ ಮೈಸೂರುಪಾಕಿನ ಡಬ್ಬಿ ಹಿಡಿದು, ಯಮಗಂಡಕಾಲ ಬರುವ ಮುಂಚೆ ಕಾರು ಹೊರಡಿಸಿದ. ನಾನು ಅವನ ಪಕ್ಕದಲ್ಲಿ ಕೂತೆ, ಇಳಾ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದಳು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ.

ಟೊರೆನ್ಸಿನ ಅಂಗಡಿಸಾಲಿನ ಒಂದು ಚಿಕ್ಕ ಹೋಟೆಲಿನಲ್ಲಿ ಮೂರೇ ಜನ ಕಾಯುತ್ತಿದ್ದರು. ಕೊರೊನಾಕ್ಕೆ ಮುಂಚೆ ಮೇಜು ಸಾಲದಷ್ಟು ಬರುತ್ತಿದ್ದರು. ಕೆಲವರು ಹೋಗಿಬಿಟ್ಟರು, ಕೆಲವರಿಗೆ ಕಾರು ಓಡಿಸುವ ಧೈರ್ಯ ಹೋಯಿತು. ಉಳಿದವರಲ್ಲಿ ಹಿರಿಯರು ಹಿರಾನೋ-ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ), ಸೇತುವೆ ಕಟ್ಟುತ್ತಿದ್ದ ಎಂಜಿನಿಯರು. ಜೊತೆಗೆ ಇಬ್ಬರು ವಯಸ್ಸಾದ ಹೆಂಗಸರು, ನಿವೃತ್ತ ಟೀಚರುಗಳು. ಮೂವರೂ ಎದ್ದು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು.

ನಾಗರಾಜ ಗಂಟಲು ಸರಿಮಾಡಿಕೊಂಡು, ಗಂಡಿನ ಮನೆಯಲ್ಲಿ ಕೇಳುವಂತೆಯೇ ಕೇಳಿದ, ನಿಮ್ಮ ವಿಶ್ವವಿದ್ಯಾಲಯ ಹೇಗೆ, ದೊಡ್ಡದೇ, ಹೆಸರಾದವರು ಯಾರಿದ್ದಾರೆ. ಹಿರಾನೋ-ಸಾನ್ ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ದೊಡ್ಡದೇನಲ್ಲ, ಹಳ್ಳಿಗಾಡಿನದು, ಹೆಸರಾದವರು ಯಾರೂ ನೆನಪಿಗೆ ಬರುತ್ತಿಲ್ಲ, ತಮ್ಮಂಥವರಿಗೂ ಸೀಟು ಸಿಕ್ಕಿತ್ತೆಂದರೆ ನೀವೇ ಊಹಿಸಿ ಎಂದರು. ಹೆಂಗಸರಿಬ್ಬರೂ ತಲೆಯಾಡಿಸಿದರು. ಜಪಾನಿನಲ್ಲಿ ಇಂಥ ವಿಶ್ವವಿದ್ಯಾಲಯಗಳಿಗೆ ಒಂದು ಅಡ್ಡಹೆಸರಿದೆ ಎಂದೂ ಹಿರಾನೋ-ಸಾನ್ ಅವರೇ ಹೇಳಿದರು: ರೈಲ್ವೆ ಸ್ಟೇಷನ್ನಿನ ಊಟದ ಡಬ್ಬಿ. ಡಬ್ಬಿ ಊಟ ಮಾರುವ ಪ್ರತಿ ಸ್ಟೇಷನ್ನಿನ ಊರಲ್ಲೂ ಒಂದೊಂದು ಇದೆ ಎಂದು ಆಡಿಕೊಳ್ಳುವ ಮಾತು.

ನಾಗರಾಜ ನನ್ನ ಕಡೆ ವಾಲಿದ. "ಅಕ್ಕ, ಗಂಡಿನ ಮನೆಯವರೇ ಹೀಗೆ ಹೇಳ್ತಿದಾರೆ ಅಂದ್ರೆ, ಒಳಗೆ ಇನ್ನೂ ಏನೇನಿದೆಯೋ."

ಅವನ ತಪ್ಪೂ ಇಲ್ಲ ಅನ್ನಿ. ಹನ್ನೆರಡು ಬಗೆ ಮಾಡಿ ಬಡಿಸುತ್ತ, ಏನೂ ಮಾಡಿಲ್ಲ, ಬರೀ ಅನ್ನ ಸಾರು ಎನ್ನುವ ತಾಯಿಯ ಮಗ ಅವನು. ಅಡುಗೆಯ ವಿಷಯದಲ್ಲಿ ಈ ವಿನಯ ಅವನಿಗೆ ಅರ್ಥವಾಗುತ್ತದೆ. ಆದರೆ ಮನೆತನದ ವಿಷಯಕ್ಕೆ ಬಂದರೆ ನಮ್ಮವರು ಇಲ್ಲದ ತೋಟವನ್ನೂ ಇದೆ ಎನ್ನುತ್ತಾರೆ, ಕೇಳುವವರು ಅದರಲ್ಲಿ ಅರ್ಧ ಕಳೆದು ನಂಬುತ್ತಾರೆ. ಜಂಬವೇ ಇಲ್ಲದ ಕಡೆ ಅರ್ಧ ಕಳೆದರೆ ಏನು ಉಳಿಯುತ್ತದೆ? ನನಗೆ ಸಿಟ್ಟು ನೆತ್ತಿಗೇರಿತು.

"ನಾಗೂ, ಮೈಸೂರು ರೈಲು ಮದ್ದೂರಲ್ಲಿ ನಿಂತಾಗ ವಡೆ ತಗೊಂಡು ತಿಂತಿದ್ಯಲ್ಲ, ಅದರ ವರ್ಲ್ಡ್ ರ‍್ಯಾಂಕ್ ಎಷ್ಟು?"

"ಅದು ಬೇರೆ, ಅಕ್ಕ."

"ಏನು ಬೇರೆ? ಆ ಊರಿನ ಆಸ್ಪತ್ರೆ ಡಾಕ್ಟರು, ಸ್ಕೂಲು ಮೇಷ್ಟ್ರು, ಸೇತುವೆ ಕಟ್ಟಿದೋರು, ಎಲ್ಲಾ ಆ ಡಬ್ಬಿಯಿಂದ್ಲೇ ಬಂದಿರೋದು. ಅಲ್ಲಿ ಆಳೆತ್ತರ ಹಿಮ ಬೀಳುತ್ತೆ, ಅದಕ್ಕೇ ಅಲ್ಲಿ ಕೂತು ಹಿಮಾನೇ ಓದ್ತಾರೆ. ಸ್ಯಾನ್ ಡಿಯಾಗೋದಲ್ಲಿ ಕೂತು ಪಟ್ಟಿ ನೋಡಿದ್ರೆ ಅದು ಕಾಣ್ಸುತ್ತಾ? ನಾನೂ ಅದೇ ಡಬ್ಬಿಯವಳು. ನನ್ನನ್ನ ಯಾರಾದ್ರೂ ಕೇಳಿದ್ರೆ ನೀನು ಏನಂತ ಹೇಳ್ತೀಯ?"

ಅವನು ನೂಡಲ್ಸಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ. ಮೇಜಿನ ಆಚೆ ಇಳಾ ಇಯರ್‌ಫೋನ್ ತೆಗೆದಿಟ್ಟು, ಒದ್ದೆ ಹಿಮಕ್ಕೂ ಒಣ ಹಿಮಕ್ಕೂ ಬೇರೆ ಬೇರೆ ಹೆಸರು ಏನೇನೆಂದು ಟೀಚರುಗಳನ್ನು ಕೇಳುತ್ತಿದ್ದಳು. ಅವರಿಬ್ಬರೂ ಒಬ್ಬರ ಮಾತಿಗೊಬ್ಬರು ಅಡ್ಡ ಬಂದು ಹೇಳುತ್ತಿದ್ದರು. ಈ ಕೂಟಕ್ಕೆ ಚಿಕ್ಕವರು ಯಾರೂ ಬಂದು ವರ್ಷಗಳಾದವು ಎಂದು ಹಿರಾನೋ-ಸಾನ್ ನನಗೆ ಜಪಾನಿಯಲ್ಲಿ ಹೇಳಿದರು. ಅದನ್ನು ನಾನು ಅನುವಾದ ಮಾಡಲಿಲ್ಲ, ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಹೊರಡುವಾಗ ಮೂವರೂ ಪಾರ್ಕಿಂಗ್ ತನಕ ಬಂದು ಸಾಲಾಗಿ ನಿಂತರು. ನಾಗರಾಜ ಕೈ ಬೀಸಿ ಕಾರು ತೆಗೆದ. ಅವರು ಬಗ್ಗಿದರು. ಅವನು ಕನ್ನಡಿಯಲ್ಲಿ ನೋಡಿ, ಏನೋ ಮರೆತಿರಬೇಕೆಂದು ಕಾರು ನಿಲ್ಲಿಸಿದ. ಅವರು ಮತ್ತೆ ಬಗ್ಗಿದರು. ಮುಂದೆ ಹೋಗಿ ಮತ್ತೆ ನಿಲ್ಲಿಸಿದ. ಅವರು ಮತ್ತೂ ಬಗ್ಗಿದರು.

"ಏನು ಬೇಕಂತೆ ಅವರಿಗೆ?"

"ಏನೂ ಬೇಡ್ವೋ. ಕಣ್ಣಿಗೆ ಮರೆಯಾಗೋ ತನಕ ನಿಲ್ಲೋದು ಅವರ ಪದ್ಧತಿ. ನೀನು ಹೋಗೋವರೆಗೂ ಅವರು ಒಳಗೆ ಹೋಗಲ್ಲ."

"ಈ ಬಿಸಿಲಲ್ಲಾ? ಅವರ ವಯಸ್ಸೇನು, ನಿಂತಿರೋದೇನು?"

"ನಿನಗೋಸ್ಕರ ಅಲ್ಲ. ಅವಳಿಗೋಸ್ಕರ."

ನಾಗರಾಜ ಎಂಜಿನ್ ಆರಿಸಿ ಕೆಳಗಿಳಿದ. ವಾಪಸು ನಡೆದು ಹೋಗಿ ಹಿರಾನೋ-ಸಾನ್ ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದ. ದೂರದಿಂದ ನನಗೆ ಕೇಳಿಸಲಿಲ್ಲ. ಬಂದು ಕೂತು, ಬೆಲ್ಟು ಹಾಕಿಕೊಂಡು, ಸ್ಟಿಯರಿಂಗ್ ಮೇಲೆ ಕೈಯಿಟ್ಟು, "ಕೊಡೋಣ," ಎಂದ.

ಇಳಾ ಹಿಂದಿನಿಂದ, "ಅಪ್ಪಾ, ಐಯಾಮ್ ನಾಟ್ ಗೆಟಿಂಗ್ ಮ್ಯಾರೀಡ್," ಎಂದಳು.

"ಗೊತ್ತಮ್ಮ," ಎಂದ ನಾಗರಾಜ, ತಿರುಗಿ ನೋಡದೆ. "ಮದುವೆಯಾಗಿದ್ರೆ ಇಲ್ಲೇ ದಾರೀಲಿ ಸಿಗೋ ಅರ್ವೈನ್‌ಗೆ ಕೊಡ್ತಿದ್ದೆ."