ಬೇಲಿಯೊಳಗಿನ ಮಣ್ಣು

ದೆವ್ವ, ಪೀಡೆ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಪೈಕಿ ನಾನು. ಅಂಥವರನ್ನು ಎದುರಿಗೇ ಗೇಲಿ ಮಾಡಿ ಬೈಸಿಕೊಂಡದ್ದೂ ಉಂಟು. ಈಗ ನಾನೇ ಬರೆಯಲು ಕೂತಿದ್ದೇನೆ. ನಗುವುದಾದರೆ ನಗಿ, ಬೇಸರವಿಲ್ಲ.

ನನ್ನದು ಶಿಕಾರಿಪುರ. ಕೆಲವು ವರ್ಷಗಳ ಹಿಂದೆ ಸೊರಬದ ಕಡೆ ಒಂದು ಕಾನಿನಲ್ಲಿ, ಅಂದರೆ ಊರವರು ಕೊಡಲಿ ಹಾಕದೆ ಉಳಿಸಿಕೊಂಡ ಹಳೇ ಕಾಡಿನಲ್ಲಿ, ಮಣ್ಣು ಅಗೆದು ತರುವ ಕೆಲಸ ಸಿಕ್ಕಿತ್ತು. ಹಂದಿ, ಕಡವೆ, ಮುಳ್ಳುಹಂದಿ ಇವೆಲ್ಲ ತುಳಿದು, ಕೆದರಿ, ಹಿಕ್ಕೆ ಹಾಕುವುದರಿಂದ ಕಾಡಿನ ಮಣ್ಣಿಗೆ ಏನಾಗುತ್ತದೆ ಎಂಬುದು ಸಂಶೋಧನೆಯವರ ಪ್ರಶ್ನೆ. ಅದಕ್ಕಾಗಿ ಒಂದು ತುಂಡು ಜಾಗಕ್ಕೆ ಇಲಿಯೂ ನುಗ್ಗದಂತೆ ತಂತಿಬಲೆ ಸುತ್ತಿ ವರ್ಷಗಟ್ಟಲೆ ಬಿಟ್ಟಿದ್ದರು. ತಿಂಗಳಿಗೊಮ್ಮೆ ಬೇಲಿಯ ಒಳಗಿನದು ಒಂದು ಚೀಲ, ಹೊರಗಿನದು ಒಂದು ಚೀಲ ನಾನು ಕಳಿಸಬೇಕು.

ಜೊತೆಗೆ ಬರುತ್ತಿದ್ದವರು ಹುಚ್ಚಪ್ಪಣ್ಣ. ಕಾನಿನ ಅಂಚಿನಲ್ಲೇ ಅವರ ಮನೆ, ಗದ್ದೆ. ಹಂದಿ ಕಾಟಕ್ಕೆ ರೋಸಿದ ಊರವರು ಇಡೀ ಕಾನಿಗೇ ಬೇಲಿ ಹಾಕಿಸಬೇಕೆಂದು ಹಟ ಹಿಡಿದಿದ್ದರು. ಬೇಲಿಯಿಂದ ಮಣ್ಣು ಕೆಡುತ್ತದೆ ಎಂದು ವರದಿ ಬಂದರೆ ಮಾತ್ರ ಅದು ನಿಲ್ಲುತ್ತಿತ್ತು. ಹುಚ್ಚಪ್ಪಣ್ಣನಿಗೆ ಅದು ನಿಲ್ಲಲೇಬೇಕಿತ್ತು. ಅವರ ಮನೆಯಲ್ಲಿ ತಾತನ ಕಾಲದಿಂದ ಸಸಿಮಡಿಗೆ ಮೊದಲ ಬುಟ್ಟಿ ಹಂದಿ ಕೆದರಿದ ಮಣ್ಣೇ ಬೀಳಬೇಕು. ತೆಗೆದ ಜಾಗಕ್ಕೆ ಒಂದು ಹಿಡಿ ಭತ್ತ ಚೆಲ್ಲಿ, ಇದು ನಿಮ್ಮ ಪಾಲು ಎಂದು ಹಂದಿಗಳಿಗೆ ಹೇಳಿ ಬರುತ್ತಿದ್ದರು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹೊರಗಿನ ಮಣ್ಣು ಸಡಿಲ, ನಾಲ್ಕು ಏಟಿಗೆ ಚೀಲ ತುಂಬುತ್ತಿತ್ತು. ಒಳಗಿನದು ಗಾರೆ ನೆಲದಷ್ಟು ಗಟ್ಟಿ, ಗುದ್ದಲಿ ಹಾಕಿದರೆ ಕೈ ಜೋಮು ಹಿಡಿಯುತ್ತಿತ್ತು. ನಾನು ಮೊದಲೇ ಮೈಗಳ್ಳ. ಹುಚ್ಚಪ್ಪಣ್ಣ ಎಲೆಯಡಿಕೆ ಹಾಕುತ್ತ ಆಚೆ ಕೂತಾಗ ಎರಡೂ ಚೀಲಕ್ಕೆ ಹೊರಗಿನ ಮಣ್ಣನ್ನೇ ತುಂಬಿ, ಒಂದಕ್ಕೆ ‘ಒಳಗಿನದು’ ಎಂದು ಚೀಟಿ ಕಟ್ಟುತ್ತಿದ್ದೆ. ಒಂದು ಸಲವಲ್ಲ, ಪ್ರತಿ ತಿಂಗಳೂ.

ಕೊನೆಯ ಸಲ ಹೋದದ್ದು ಬೇಸಿಗೆಯ ಹಾಡುಹಗಲಲ್ಲಿ. ಅಂದು ಹುಚ್ಚಪ್ಪಣ್ಣ ತಾವೇ ಗುದ್ದಲಿ ಹಿಡಿದು ಬೇಲಿಯೊಳಗೆ ಬಂದರು. ಅಗೆಯದೆ ವಿಧಿಯಿರಲಿಲ್ಲ. ತರಗೆಲೆ ಕೊಳೆಯದೆ ಬಿದ್ದ ಹಾಗೇ ಬಿದ್ದಿತ್ತು. ನೆಲದಲ್ಲಿ ಬಿಲವಿಲ್ಲ, ಬಿರುಕಿಲ್ಲ. ಮೊಣಕಾಲುದ್ದ ಇಳಿದಾಗ ಹಂದಿಯ ನಾತ ಬಂತು. ಮುಂದಿನ ಏಟಿಗೆ ಹಸಿ ಹಿಕ್ಕೆಯ ಮುದ್ದೆ ಮೇಲೆ ಬಂತು. ಅದರಿಂದ ಹಬೆ ಏಳುತ್ತಿತ್ತು.

ಹುಚ್ಚಪ್ಪಣ್ಣ ಮಂಡಿಯೂರಿ ಗುಂಡಿಯ ತಳಕ್ಕೆ ಅಂಗೈ ಇಟ್ಟರು. ನಾನೂ ಇಟ್ಟೆ. ಬೆಚ್ಚಗಿತ್ತು. ಕೆಳಗೆ ಭಾರವಾದದ್ದೇನೋ ನಡೆಯುತ್ತಿತ್ತು, ಅದರ ಹಿಂದೆ ಇನ್ನೊಂದು, ಮತ್ತೊಂದು.

“ಹಿಂಡು ತಮ್ಮಾ,” ಎಂದರು ಅವರು ಮೆಲ್ಲಗೆ. “ಮೇಲೆ ದಾರಿ ಸಿಗದೆ ಕೆಳಗಿಳಿದಾವೆ.” ಅಂಗೈಯ ಮಣ್ಣು ಕೊಡವಿ, “ಈ ಮಣ್ಣಿನ ನಿಜ ಅವರಿಗೆ ತಿಳಿಸ್ತೀಯಲ್ಲ?” ಎಂದು ಕೇಳಿದರು. ಹೂಂ ಎಂದೆ.

ಅಂದಿನ ಚೀಲವನ್ನು ಪ್ರಾಮಾಣಿಕವಾಗಿಯೇ ಕಳಿಸಿದೆ. ವಾರ ಬಿಟ್ಟು ಪರೀಕ್ಷೆಯವರ ಫೋನು ಬಂತು. ಈ ಒಂದು ಚೀಲ ಹಿಂದಿನ ಯಾವುದಕ್ಕೂ ತಾಳೆಯಾಗುತ್ತಿಲ್ಲ, ಎಲ್ಲಾದರೂ ತಪ್ಪಾಗಿದೆಯೇ ಎಂದು ಕೇಳಿದರು. ಹಳೆಯ ಕಳ್ಳತನ ಬಯಲಾದೀತೆಂದು ಹೆದರಿ, ತಪ್ಪಾಗಿರಬೇಕು, ಬಿಟ್ಟುಬಿಡಿ ಎಂದೆ. ಒಳಗಿನ ಮಣ್ಣಿಗೂ ಹೊರಗಿನದಕ್ಕೂ ವ್ಯತ್ಯಾಸವಿಲ್ಲ ಎಂದು ವರದಿಯಾಯಿತು. ಆ ವರ್ಷವೇ ಇಡೀ ಕಾನಿಗೆ ಬೇಲಿ ಬಿತ್ತು.

ಎಲೆ ಕೊಳೆತರೆ ನೆಲ ಬಿಸಿಯಾಗುತ್ತದಪ್ಪ ಎಂದು ತಿಳಿದವರೊಬ್ಬರು ಹೇಳಿದರು. ಅಲ್ಲಿ ಕೊಳೆಯುವುದೇ ನಿಂತುಹೋಗಿತ್ತಲ್ಲ! ಹಿಕ್ಕೆಯನ್ನು ಯಾರೋ ಹೂತಿರಬೇಕು ಎಂದುಕೊಂಡರೆ, ಮುಚ್ಚಿದ ಗುರುತು ಎಲ್ಲಿ?

ಹೋದ ತಿಂಗಳು ಹುಚ್ಚಪ್ಪಣ್ಣ ಫೋನು ಮಾಡಿದ್ದರು. ಹಂದಿ ಕೆದರಿದ ಮಣ್ಣು ಸಿಗದೆ ಈ ವರ್ಷವೂ ಸಸಿ ಏಳಲಿಲ್ಲ ಎಂದರು. ವರದಿಯ ಸುದ್ದಿ ಎತ್ತಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದರು: “ಅಡುಗೆಮನೆ ನೆಲ ಒಂದು ಕಡೆ ಬೆಚ್ಚಗಾಗಿದೆ ತಮ್ಮಾ, ಕೈಯಿಟ್ರೆ ಅದುರ್ತದೆ. ಬಂದು ನೋಡ್ತೀಯಾ? ನಿನ್ನ ಬಿಟ್ರೆ ಯಾರೂ ನಂಬಲ್ಲ.”

ನಾಳೆಯೇ ಬರುತ್ತೇನೆ ಎಂದೆ. ಹೋಗಿಲ್ಲ. ಈಗ ನಾಲ್ಕು ದಿನದಿಂದ ಅವರು ಫೋನು ಎತ್ತುತ್ತಿಲ್ಲ.