ಕೆನ್ನೆಯ ಗುಳಿ

ಅಮ್ಮ ತೀರಿಕೊಳ್ಳುವ ನಾಲ್ಕು ದಿನ ಮೊದಲು ಅವಳ ಮುಖವನ್ನು ಇದ್ದಿಲು ಕಡ್ಡಿಯಲ್ಲಿ ಬರೆದಿದ್ದೆ. ಕೈಯಿಂದ ತಯಾರಿಸಿದ ಒರಟು ಕಾಗದ, ಅಂಚು ನೆಟ್ಟಗಿಲ್ಲದ್ದು. ಅಂಥ ಕಾಗದದ ತರಿಗಳಲ್ಲಿ ಇದ್ದಿಲ ಪುಡಿ ಕೂರುತ್ತದೆ. ಬೆರಳಿನಿಂದ ತೀಡಿದರೆ ನೆರಳಾಗುತ್ತದೆ. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರಿಂದ ಅವಳ ಕೆನ್ನೆ ಒಳಕ್ಕೆ ಕುಸಿದಿತ್ತು. ಆ ಗುಳಿ ಗೆರೆಗೆ ಸಿಗದೆ ಹೆಬ್ಬೆರಳಿನಿಂದ ಮೂರು ಸಲ ತೀಡಿದ್ದೆ. ಚಿತ್ರದಲ್ಲಿ ಸರಿಯಾಗಿ ಬಂದದ್ದು ಅದೊಂದೇ. ಪುಡಿ ಉದುರದಂತೆ ಅಂಟು ಸಿಂಪಡಿಸಬೇಕಿತ್ತು. ಸಿಂಪಡಿಸಲಿಲ್ಲ. ಅದು ನನ್ನ ತಪ್ಪು.

ವರ್ಷದ ತಿಥಿಯ ಹಿಂದಿನ ದಿನ ಅಣ್ಣ ನನಗೆ ಹೇಳದೆ ಆ ಚಿತ್ರವನ್ನು ಹೊಸಹಳ್ಳಿ ಮೆಟ್ರೊ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದ. ಮಾರ್ಕ್ಸ್ ಕಾರ್ಡು, ಜಾತಕ, ಮದುವೆ ಪತ್ರಿಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಷನ್ ಮಾಡಿಸುವುದು ಅವನ ಚಟ. ಕಾಗದವೆಂದರೆ ಅವನಿಗೆ ನೀರಿಗೆ ಹೆದರುವ ವಸ್ತು, ಅಷ್ಟೆ. ಅತ್ತಿಗೆಯಿಂದ ತಿಳಿದು ನಾನು ಹೋಗುವಷ್ಟರಲ್ಲಿ ಹಾಳೆ ಯಂತ್ರದಿಂದ ಹೊರಬಂದಿತ್ತು. ಮುಟ್ಟಿದರೆ ಇನ್ನೂ ಬಿಸಿ.

ಅಂಚು ಇರಲಿಲ್ಲ. ಕೆನ್ನೆಯ ಗುಳಿಯೂ ಇರಲಿಲ್ಲ.

"ಇಲ್ಲೊಂದು ನೆರಳಿತ್ತಲ್ಲ?" ಎಂದು ಅಂಗಡಿಯವನನ್ನು ಕೇಳಿದೆ.

"ಮಸಿ ಸಾರ್ ಅದು. ಯಾರೋ ಕೈಯಿಟ್ಟು ಗಲೀಜು ಮಾಡಿದ್ರು. ರಬ್ಬರಲ್ಲಿ ಕ್ಲೀನ್ ಮಾಡ್ದೆ. ಸೈಡೂ ಹರಿದಿತ್ತು, ಎ-ಫೋರ್‌ಗೆ ಕಟ್ ಮಾಡಿದೀನಿ."

ಅಣ್ಣ ಹಾಳೆಯನ್ನು ಬೆಳಕಿಗೆ ಹಿಡಿದ. "ಹತ್ತು ವರ್ಷ ಚಿಕ್ಕವಳ ಥರ ಕಾಣ್ತಾಳೆ ನೋಡು. ನೀನು ಬರ್ದಿದ್ದು ಹೆಣದ ಥರ ಇತ್ತು ಕಣೋ."

"ಹಾಗೇ ಇದ್ಲು."

"ಇದ್ಲು. ಅದನ್ನ ಗೋಡೆಗೆ ಹಾಕ್ತಾರಾ ಯಾರಾದ್ರೂ?"

"ಕೊಳೆ ಆದ್ರೆ ಒರೆಸ್ಬಹುದು ಸಾರ್," ಎಂದು ಅಂಗಡಿಯವನು ಸೇರಿಸಿದ. ನನ್ನ ತಾಯಿಯ ಮುಖವನ್ನು ಹೋಟೆಲಿನ ಮೇಜಿನಂತೆ ಒರೆಸಬಹುದೆಂಬುದು ಅವನ ಹೆಮ್ಮೆ. ಅಣ್ಣನದೂ ಅದೇ ಹೆಮ್ಮೆ. ಅಮ್ಮನನ್ನು ಕೊನೆಯ ತಿಂಗಳು ಸರಿಯಾಗಿ ನೋಡದವನಿಗೆ ಗುಳಿ ಅಳಿಸಿದ ಮುಖವೇ ಅನುಕೂಲ.

ಮನೆಗೆ ಬಂದು ಇದ್ದಿಲು ಕಡ್ಡಿ ತೆಗೆದೆ. ಕಿವಿಯಿಂದ ಎರಡು ಬೆರಳು, ತುಟಿಯಿಂದ ಒಂದು ಬೆರಳು ಅಳೆದು ಗುಳಿಯಿದ್ದ ಜಾಗದಲ್ಲಿ ತೀಡಿದೆ. ಪ್ಲಾಸ್ಟಿಕ್ಕಿಗೆ ಇದ್ದಿಲು ಹಿಡಿಯಲಿಲ್ಲ. ಪುಡಿ ಅಲ್ಲೇ ಹರಡಿತು. ಮರುದಿನ ಹಾರ ಹಾಕುವ ಮೊದಲು ಅಣ್ಣ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಒಂದು ಚೂರೂ ಉಳಿಯಲಿಲ್ಲ.

"ನೋಡಿದ್ಯಾ," ಎಂದ. "ಏನೂ ಆಗಲ್ಲ."