ಬೈರೇಶನ ಮನೆಯ ರಂಗಿ
ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ನಮ್ಮ ಪಕ್ಕದ ಮನೆಯ ಬೈರೇಶ್ ಹೆಲ್ಮೆಟ್ ತೆಗೆಯುವ ಮೊದಲೇ ಗಾಜಿನ ಪೆಟ್ಟಿಗೆಯೊಳಕ್ಕೆ ಬಗ್ಗಿ ನೋಡುತ್ತಾನೆ. ಅಲ್ಲಿರುವುದು ಅಂಗೈಯಗಲದ ಟರಾಂಟುಲಾ ಜೇಡ, ರಂಗಿ. ಅವಳಿಗೆ ತೆಂಗಿನ ನಾರಿನ ಪುಡಿಯ ಮೆತ್ತನೆ ಹಾಸಿಗೆ, ಅಡಗಲು ಒಡೆದ ಮಡಕೆ, ಬಾಟಲಿ ಮುಚ್ಚಳದಲ್ಲಿ ನೀರು. ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆದೀತೆಂದು ಪೆಟ್ಟಿಗೆಯೂ ಗಿಡ್ಡ. ನೆಂಟರು ಕೈ ಚಾಚಿದರೆ, "ಮುಟ್ಬೇಡ ಗುರು, ಅವ್ಳಿಗೆ ಆಗಲ್ಲ" ಎನ್ನುತ್ತಾನೆ. ರಂಗಿ ಹಿಂಗಾಲಿನಿಂದ ಹೊಟ್ಟೆಯ ತುರಿಕೆ ರೋಮ ಉದುರಿಸಿದರೆ ಕೋಪ ಬಂತೆಂದು ತಾನೇ ಓಡುತ್ತಾನೆ. ಅವನ ತಾಯಿ ಅಮ್ಮಯಮ್ಮನ ಬಾಯಲ್ಲಿ ಅದಕ್ಕೆ ಪೀಡೆಯೆಂದೇ ಹೆಸರು. ಮೊನ್ನೆ ರಂಗಿ ಅಂಗಾತ ಬಿದ್ದಾಗ, "ಸತ್ತಿಲ್ಲ ಕಣಮ್ಮ, ಪೊರೆ ಬಿಡ್ತಾವ್ಳೆ, ಮೈಯೆಲ್ಲ ಹಸಿ, ಅಲ್ಲಾಡಿಸ್ಬೇಡ" ಎಂದು ಬೇಡಿಕೊಂಡು ಬೈರೇಶ್ ಕೆಲಸಕ್ಕೆ ಹೋದ. ನಾನು ಹೆಪ್ಪಿಗೆ ಮೊಸರು ಕೇಳಲು ಹೋದರೆ, ಅಮ್ಮಯಮ್ಮ ಟಿವಿ ಧಾರಾವಾಹಿ ನಿಲ್ಲಿಸಿ, ರಂಗಿಯಿದ್ದ ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದರು. "ಮೆಲ್ಲಗ್ ಮಾತಾಡವ್ವ," ಎಂದರು, "ಒಳಗೆ ಬಾಣಂತಿ ಅವ್ಳೆ."